ಹದಿನಾಲ್ಕು ಸಲ ‘ಕೆ’ ಒತ್ತಿದ ಮೇಲೆ: ವಿಎಲ್‌ಸಿ ಜೊತೆ ಇಷ್ಟು ವರ್ಷ

ನಮ್ಮ ಅಕ್ಕನ ಮದುವೆ ಕ್ಯಾಸೆಟ್ಟು 1994ರದ್ದು. ಪೂರ್ತಿ ಬೂಷ್ಟು ಹಿಡಿಯುವ ಮೊದಲು ಕಂಪ್ಯೂಟರಿಗೆ ಹಾಕಿಸಿಬಿಡೋಣ ಅಂತ ಎಸ್‌ಪಿ ರೋಡ್ ಹತ್ತಿರದ ಒಂದು ಅಂಗಡಿಗೆ ಕೊಟ್ಟೆ. 800 ರೂಪಾಯಿ ತೆಗೆದುಕೊಂಡರು. ಫೈಲ್ ಬಂತು, ಆದರೆ ಮಾತು ಮೊದಲು, ತುಟಿ ಆಮೇಲೆ. ‘ಹಳೇ ಟೇಪು ಸಾರ್, ಹಂಗೇ ಬರೋದು’ ಅಂದರು. ಅಮ್ಮ ಐದು ನಿಮಿಷ ನೋಡಿ ಎದ್ದು ಹೋದರು.

ವಿಡಿಯೊ ನೋಡುವ ವಿಎಲ್‌ಸಿ ಪ್ಲೇಯರ್ ನನ್ನ ಹತ್ತಿರ 2011ರಿಂದ ಇದೆ. ಯಾವ ಫೈಲ್ ಕೊಟ್ಟರೂ ಹೆಚ್ಚುಕಡಿಮೆ ಓಡಿಸುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಅದರ ‘ಕೆ’ ಕೀ ಏನು ಮಾಡುತ್ತದೆ ಅಂತ ನನಗೆ ಗೊತ್ತಾಗಿದ್ದು ಮಾತ್ರ ಅವತ್ತು ರಾತ್ರಿ. ಒಂದು ಸಲ ಒತ್ತಿದರೆ ಧ್ವನಿ 50 ಮಿಲಿಸೆಕೆಂಡ್ ತಡವಾಗುತ್ತದೆ. ‘ಜೆ’ ಒತ್ತಿದರೆ ಅಷ್ಟೇ ಬೇಗ ಬರುತ್ತದೆ. ಧಾರೆಯ ಜಾಗಕ್ಕೆ ಹೋದೆ. ಪುರೋಹಿತರು ಬೆರಳೆತ್ತಿ ‘ಗಟ್ಟಿಮೇಳ, ಗಟ್ಟಿಮೇಳ’ ಅನ್ನುತ್ತಾರಲ್ಲ, ಅಲ್ಲಿಗೆ. ತುಟಿ ನೋಡಿ ಹೊಂದಿಸುವುದು ಕಷ್ಟ, ಡೋಲಿನ ಕೋಲು ನೋಡಿದರೆ ಸುಲಭ. ಹದಿನಾಲ್ಕನೇ ಸಲಕ್ಕೆ ಕೋಲೂ ಸದ್ದೂ ಒಂದಾದವು. 700 ಮಿಲಿಸೆಕೆಂಡ್, ಅಷ್ಟೇ.

ಅಮ್ಮನನ್ನು ಎಬ್ಬಿಸಿ ಕೂರಿಸಿದೆ. ಊಟದ ಪಂಕ್ತಿಯಲ್ಲಿ ಅಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ‘ನಿಧಾನವಾಗಿ ಊಟ ಮಾಡಿ’ ಅನ್ನುತ್ತಾ ಬಂದರು. ಮಾತೂ ಮುಖವೂ ಕೂಡಿ ಬಂದವು. ಅಪ್ಪ ಹೋಗಿ ಒಂಬತ್ತು ವರ್ಷ. ಅಮ್ಮ ಆ ಜಾಗವನ್ನು ಮೂರು ಸಲ ಹಾಕಿಸಿದರು.

ಆಮೇಲೆ ಪ್ರತಿ ಶನಿವಾರ ಸಂಜೆ ಕಾಫಿ ಆದ ಮೇಲೆ ಇದೇ ಕೆಲಸ. ಲ್ಯಾಪ್‌ಟಾಪಿಗೆ ಟಿವಿ ಕೇಬಲ್ ಚುಚ್ಚು, ವಿಎಲ್‌ಸಿಯ ಕಿತ್ತಳೆ ಕೋನು ಒತ್ತು, ಹದಿನಾಲ್ಕು ಸಲ ಕೆ. ಅಮ್ಮ ಪಕ್ಕದಲ್ಲಿ ಕೂತು ಎಣಿಸುತ್ತಿದ್ದರು. ಇಲ್ಲೇ ನನ್ನ ತಕರಾರು. ಫೈಲ್ ಮುಚ್ಚಿದರೆ ವಿಎಲ್‌ಸಿ ಆ ಲೆಕ್ಕ ಮರೆತುಬಿಡುತ್ತದೆ, ಮತ್ತೆ ಸೊನ್ನೆಯಿಂದ ಶುರು. ಅಕ್ಕನಿಗೆ ಕಳಿಸಿದ ಫೈಲೂ ಮೊದಲಿನ ಹಾಗೇ ಇತ್ತು. ಕೊನೆಗೆ ಎಂಕೆವಿಟೂಲ್‌ನಿಕ್ಸ್ ಅನ್ನುವ ಇನ್ನೊಂದು ಪ್ರೋಗ್ರಾಂ ಹಾಕಿಕೊಂಡೆ, ಅದೂ ಉಚಿತ. ಆಡಿಯೊ ಟ್ರ್ಯಾಕ್ ಆರಿಸಿ ಡಿಲೇ ಜಾಗದಲ್ಲಿ 700 ಬರೆದರೆ ಎಂಕೆವಿ ಅನ್ನುವ ಬಗೆಯ ಹೊಸ ವಿಡಿಯೊ ಫೈಲ್ ಬರುತ್ತದೆ. ಚಿತ್ರ, ಧ್ವನಿ ಇದ್ದ ಹಾಗೇ ಇರುತ್ತವೆ. ಇದನ್ನು ಮೊದಲೇ ಮಾಡಬೇಕಿತ್ತು.

ಇನ್ನೊಂದು ವಿಷಯಕ್ಕೆ ವಿಎಲ್‌ಸಿ ಮೇಲೆ ಸಿಟ್ಟು ಬಂದಿತ್ತು, ಆದರೆ ತಪ್ಪು ಅದರದ್ದಲ್ಲ. ಮಗಳ ನಾಮಕರಣದ ದಿನ ರೆಕಾರ್ಡ್ ಆಗುತ್ತಿದ್ದಾಗಲೇ ಫೋನ್ ಆಫ್ ಆಯಿತು. ಎಂಪಿ4 ಫೈಲ್ ತೆರೆಯಲೇ ಇಲ್ಲ. ಯಾವ ಫ್ರೇಮ್ ಎಲ್ಲಿದೆ ಅಂತ ಹೇಳುವ ಭಾಗವನ್ನು ಫೋನ್ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುತ್ತದೆ. ಅದಿಲ್ಲದೆ ಪ್ಲೇಯರ್ ಏನು ತಾನೇ ಮಾಡೀತು? ಎವಿಐ ಅನ್ನುವ ಇನ್ನೊಂದು ಬಗೆಯ ವಿಡಿಯೊ ಫೈಲ್ ಕೆಟ್ಟರೆ ಅದರ ಇಂಥದೇ ಸೂಚಿಯನ್ನು ವಿಎಲ್‌ಸಿ ತಾನೇ ಸರಿಮಾಡಬಲ್ಲದು, ಇದನ್ನಲ್ಲ. ಅನ್‌ಟ್ರಂಕ್ ಅನ್ನುವ ಸಣ್ಣ ಪ್ರೋಗ್ರಾಂಗೆ ಅದೇ ಫೋನಿನಲ್ಲಿ ತೆಗೆದ ಒಂದು ಒಳ್ಳೆಯ ವಿಡಿಯೊ ಮಾದರಿಯಾಗಿ ಕೊಟ್ಟೆ. ಮೂಲ ಫೈಲಿನ ನಕಲು ಮಾಡಿಕೊಂಡೇ ಕೈ ಹಾಕಿದ್ದು. ಕೊನೆಯ ಕೆಲವು ಸೆಕೆಂಡ್ ಬಿಟ್ಟು ಉಳಿದದ್ದೆಲ್ಲ ಸಿಕ್ಕಿತು.

1996ರಲ್ಲಿ, ಅಂದರೆ ಅಕ್ಕನ ಮದುವೆಯಾಗಿ ಎರಡು ವರ್ಷಕ್ಕೆ, ಪ್ಯಾರಿಸ್‌ನ ಒಂದು ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಶುರು ಮಾಡಿದ ಪ್ರಾಜೆಕ್ಟು ಈ ವಿಎಲ್‌ಸಿ. ಇವತ್ತಿಗೂ ದುಡ್ಡು ಕೊಡಬೇಕಿಲ್ಲ, ಜಾಹೀರಾತಿಲ್ಲ. ಅಂಗಡಿಗೆ ಕೊಟ್ಟಷ್ಟೇ ದುಡ್ಡನ್ನು ಕಳೆದ ತಿಂಗಳು ಇವರಿಗೂ ದೇಣಿಗೆಯಾಗಿ ಕಳಿಸಿದೆ.