ಮೈಸೂರು ಸ್ಯಾಂಡಲ್ ಸೋಪು: ಮೈಗೆ ಸರಿ, ಮುಖಕ್ಕೆ ಹಚ್ಚುವ ಮುನ್ನ ಯೋಚಿಸಿ

ಮೈಸೂರು ಸ್ಯಾಂಡಲ್ ಒಳ್ಳೆಯ ಸೋಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸುಕ್ಕು ಬರಬಾರದು, ಕಲೆ ಹೋಗಬೇಕು, ಮುಖ ಹೊಳೆಯಬೇಕು ಎಂದುಕೊಂಡು ಕೊಳ್ಳುವವರು ಯಾವ ಸೋಪಿನ ಕೈಲೂ ಆಗದ ಕೆಲಸವನ್ನು ಇದಕ್ಕೆ ಒಪ್ಪಿಸುತ್ತಿದ್ದಾರೆ.

ಮೊದಲ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತಾಗ ಮೈಸೂರು ಸಂಸ್ಥಾನ 1916ರಲ್ಲಿ ತಾನೇ ಗಂಧದೆಣ್ಣೆ ತೆಗೆಯಲು ಶುರುಮಾಡಿತು. 1918ರ ಹೊತ್ತಿಗೆ ಸೋಪು ಬಂತು. ಇವತ್ತಿಗೂ ಈ ಸೋಪಿನ ಜೀವ ಆ ಎಣ್ಣೆಯ ಪರಿಮಳವೇ. ಆದರೆ ಎಣ್ಣೆ ಚರ್ಮದ ಮೇಲೆ ಇರುವುದು ಒಂದೆರಡು ನಿಮಿಷ, ಆಮೇಲೆ ನೀರಿನ ಜೊತೆ ಬಚ್ಚಲಿಗೆ ಹೋಗುತ್ತದೆ. ಅಷ್ಟರಲ್ಲಿ ಅದು ವಯಸ್ಸನ್ನು ತಡೆಯಲಾರದು.

ಹೊದಿಕೆಯ ಮೇಲೆ ಗ್ರೇಡ್ 1 ಎಂದು ಇದೆಯಲ್ಲ, ಅದು ಕೊಬ್ಬಿನಾಂಶದ ಅಳತೆ. ಭಾರತೀಯ ಮಾನದಂಡದಲ್ಲಿ ಟಿಎಫ್‌ಎಂ, ಅಂದರೆ ಸೋಪಿನ ಒಟ್ಟು ಕೊಬ್ಬಿನಾಂಶ, ಶೇ. 76 ಅಥವಾ ಹೆಚ್ಚಿದ್ದರೆ ಗ್ರೇಡ್ 1, 70ರಿಂದ ಗ್ರೇಡ್ 2, 60ರಿಂದ ಗ್ರೇಡ್ 3. ಗ್ರೇಡ್ 1 ಎಂದರೆ ತೂಕಕ್ಕೆಂದು ಬೆರೆಸುವ ತುಂಬುಪುಡಿ ಕಡಿಮೆ, ಸೋಪು ಬೇಗ ಕರಗಿ ಲೋಳೆಯಾಗುವುದಿಲ್ಲ, ನೊರೆ ದಟ್ಟವಾಗಿ ಬರುತ್ತದೆ. ಚರ್ಮಕ್ಕೆ ಮೃದು ಎಂದು ಅದರ ಅರ್ಥವಲ್ಲ. ಎಣ್ಣೆಗೆ ಕ್ಷಾರ ಸೇರಿಸಿ ಮಾಡಿದ ಯಾವುದೇ ಸೋಪಿನ ಪಿಎಚ್ (ಹುಳಿ-ಕ್ಷಾರದ ಅಳತೆ; 7ಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ) 9ರಿಂದ 10ರ ಆಸುಪಾಸು. ಆರೋಗ್ಯವಂತ ಚರ್ಮದ್ದು ಸುಮಾರು 5. ಸೋಪು ಹಚ್ಚಿದಾಗ ಚರ್ಮದ ಪಿಎಚ್ ಏರುತ್ತದೆ; ಗಟ್ಟಿಮುಟ್ಟಾದ ಚರ್ಮ ಕೆಲವು ಗಂಟೆಗಳಲ್ಲಿ ಮೊದಲಿನ ಸ್ಥಿತಿಗೆ ಬರುತ್ತದೆ. ವಯಸ್ಸಾದವರದ್ದು, ಎಕ್ಸಿಮಾ (ಒಣಗಿ ತುರಿಸುವ ಚರ್ಮದ ಕಾಯಿಲೆ) ಇರುವವರದ್ದು ತಡವಾಗುತ್ತದೆ. ಸ್ನಾನವಾದ ಹತ್ತು ನಿಮಿಷಕ್ಕೆ ಕೆನ್ನೆ ಬಿಗಿದರೆ, ಮೊಣಕಾಲ ಕೆಳಗೆ ಉಗುರಿನಿಂದ ಗೀರಿದಾಗ ಬಿಳಿ ಗೆರೆ ಎದ್ದರೆ, ಸೋಪು ಹೆಚ್ಚಾಗಿದೆ ಎಂದು ತಿಳಿಯಿರಿ.

ಬೋರ್‌ವೆಲ್ ನೀರಿದ್ದರೆ ತೊಂದರೆ ಇನ್ನೊಂದು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಿಳಿ ಜಿಡ್ಡಾಗುತ್ತವೆ. ಬಕೆಟ್ಟಿನ ಅಂಚಿಗೆ ಕಟ್ಟುವ ಆ ಜಿಡ್ಡೇ ಮೈಮೇಲೂ ಉಳಿದು ತುರಿಕೆ ತರುತ್ತದೆ. ನೊರೆ ಬರಲಿಲ್ಲವೆಂದು ಇನ್ನಷ್ಟು ಉಜ್ಜುತ್ತಾರೆ, ಜಿಡ್ಡು ಇನ್ನಷ್ಟು ಕಟ್ಟುತ್ತದೆ. ಸೋಪು ಕಡಿಮೆ ಮಾಡಿ, ಕೊನೆಯ ಎರಡು ಚೊಂಬಿಗಾದರೂ ನದಿನೀರೋ ಮಳೆನೀರೋ ಸಿಕ್ಕರೆ ಅದನ್ನು ಹಾಕಿಕೊಳ್ಳಿ.

ಬಳಸುವ ಕ್ರಮ ಹೀಗಿರಲಿ. ನೀರು ಉಗುರುಬೆಚ್ಚಗಿರಲಿ, ಹಂಡೆಯ ಸುಡುನೀರು ಬೇಡ. ಸೋಪನ್ನು ಮೈಗೆ ತಿಕ್ಕದೆ ಅಂಗೈಯಲ್ಲಿ ನೊರೆ ಮಾಡಿಕೊಳ್ಳಿ. ಕಂಕುಳು, ತೊಡೆಸಂದು, ಪಾದಗಳಿಗೆ ದಿನವೂ ಬೇಕು. ಕೈಕಾಲು, ಹೊಟ್ಟೆಗೆ ಚಳಿಗಾಲದಲ್ಲಿ ದಿನ ಬಿಟ್ಟು ದಿನ ಸಾಕು. ಬೀದರ್, ವಿಜಯಪುರದ ಒಣಹವೆಯಲ್ಲಂತೂ ಇದನ್ನು ಪಾಲಿಸಲೇಬೇಕು. ಟವೆಲಿನಿಂದ ಒತ್ತಿ ಒರೆಸಿ, ಮೈ ಇನ್ನೂ ಪಸೆಯಾಗಿರುವಾಗಲೇ, ಅಂದರೆ ಮೂರು ನಿಮಿಷದೊಳಗೆ, ಗ್ಲಿಸರಿನ್ ಇರುವ ಮಾಯಿಶ್ಚರೈಸರ್ ಅಥವಾ ತೆಳುವಾಗಿ ಕೊಬ್ಬರಿ ಎಣ್ಣೆ ಹಚ್ಚಿ. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಒಳಗೆ ಹಿಡಿದಿಡಲು ನೀರೇ ಉಳಿದಿರುವುದಿಲ್ಲ.

ಹೀರೇಕಾಯಿ ನಾರು, ನೈಲಾನ್ ಬ್ರಷ್ ಎರಡನ್ನೂ ದಯವಿಟ್ಟು ಬಿಡಿ. ವರ್ಷಗಟ್ಟಲೆ ತಿಕ್ಕಿದ ಬೆನ್ನಿನ ಮೇಲ್ಭಾಗ, ತೋಳಿನ ಹೊರಬದಿಗಳಲ್ಲಿ ಅಲೆಅಲೆಯಾಗಿ ಕಪ್ಪು ಕೂರುತ್ತದೆ. ಅದನ್ನು ಕೊಳೆ ಎಂದುಕೊಂಡು ಇನ್ನೂ ಜೋರಾಗಿ ತಿಕ್ಕುವವರಿದ್ದಾರೆ. ಒಮ್ಮೆ ಕೂತ ಆ ಕಪ್ಪು ಸುಲಭಕ್ಕೆ ಹೋಗುವುದಿಲ್ಲ.

ಮುಖಕ್ಕೆ? ಎಣ್ಣೆಚರ್ಮದ ಹದಿಹರೆಯದವರು ದಿನಕ್ಕೊಮ್ಮೆ ಬಳಸಿ ತೊಂದರೆಯಿಲ್ಲದಿದ್ದರೆ ಮುಂದುವರಿಸಬಹುದು. ಮೊಡವೆಗೆ ಅಡಾಪಲೀನ್, ಬೆಂಜಾಯ್ಲ್ ಪೆರಾಕ್ಸೈಡ್ ಹಚ್ಚುವವರು, ಸುಕ್ಕಿಗೆ ರೆಟಿನಾಲ್ ಬಳಸುವವರು ಮುಖಕ್ಕೆ ಯಾವ ಸೋಪನ್ನೂ ತಾಗಿಸದಿರುವುದೇ ಮೇಲು; ಪಿಎಚ್ 5.5ರ ಸುಮಾರಿನ ಫೇಸ್‌ವಾಶ್ ತೆಗೆದುಕೊಳ್ಳಿ. ಸುವಾಸನೆ ಒಗ್ಗದವರಿಗೆ ಗಂಧದೆಣ್ಣೆಯೂ ಒಗ್ಗದಿರಬಹುದು. ಕೆಂಪು ದದ್ದು ಎರಡು ಮೂರು ದಿನ ತಡವಾಗಿಯೂ ಏಳುವುದರಿಂದ, ಹೊಸದಾಗಿ ಬಳಸುವವರು ಮೊದಲ ವಾರ ಒಂದು ಮುಂಗೈಯಲ್ಲಷ್ಟೇ ನೋಡಲಿ. ಹಸುಗೂಸಿಗೆ ಪರಿಮಳದ ಸೋಪು ಬೇಡ.

ಚರ್ಮ ಬೇಗ ಮುದಿಯಾಗಲು ಮುಖ್ಯ ಕಾರಣ ಬಿಸಿಲು. ಸೋಪಿನ ಖರ್ಚಿನ ಜೊತೆ ಎಸ್‌ಪಿಎಫ್ (ಬಿಸಿಲಿನಿಂದ ಸಿಗುವ ರಕ್ಷಣೆಯ ಅಳತೆ) 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನಿಗೂ ದುಡ್ಡು ಇಡಿ. ಮುಖ, ಕುತ್ತಿಗೆಗೆ ಎರಡು ಬೆರಳುದ್ದ ಬೇಕು. ಬಿಸಿಲಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬಟಾಣಿಯಷ್ಟು ಹಚ್ಚಿದರೆ ಡಬ್ಬಿಯ ಮೇಲಿನ ಸಂಖ್ಯೆಯಷ್ಟು ರಕ್ಷಣೆ ಸಿಗುವುದಿಲ್ಲ.

ಸೋಪು ನೀರಲ್ಲಿ ಕೂರದಂತೆ ತೂತಿನ ಡಬ್ಬಿಯಲ್ಲಿಡಿ. ಇಲ್ಲದಿದ್ದರೆ ಗ್ರೇಡ್ 1 ಸೋಪೂ ಅಡಿಯಿಂದ ಕರಗಿ ಹೋಗುತ್ತದೆ. ಕೊಳ್ಳುವಾಗ ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ, ಶರಭದ (ಆನೆಯ ತಲೆ, ಸಿಂಹದ ಮೈಯ ಪ್ರಾಣಿ) ಲಾಂಛನದ ಮುದ್ರಣ ನೋಡಿ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಇದರ ನಕಲಿ ತಯಾರಿಸುತ್ತಿದ್ದ ಘಟಕವೇ ಸಿಕ್ಕಿಬಿದ್ದಿತ್ತು. ಎಂಆರ್‌ಪಿಗಿಂತ ತೀರಾ ಅಗ್ಗಕ್ಕೆ ಕೊಡುವ ಅಂಗಡಿಯಿಂದ ತರಬೇಡಿ.