ಬಿಲ್ಲಿನಲ್ಲಿದ್ದ ಬ್ರೇಕ್ ಗಾಡಿಯಲ್ಲಿ ಇರಲಿಲ್ಲ: ದೋಣಿ ಎಳೆಯಲು ಹಳೆಯ ಗಾಡಿ ಸಜ್ಜು ಮಾಡಿಸುವವರಿಗೆ ಎಚ್ಚರಿಕೆ

ಆಸ್ಟ್ರೇಲಿಯಾದಲ್ಲಿ ಹಳೆಯ ಫೋರ್ ವೀಲ್ ಡ್ರೈವ್ ಇಟ್ಟುಕೊಂಡು ಅದಕ್ಕೆ ದೋಣಿ ಕಟ್ಟಿ ಎಳೆಯಬೇಕೆಂದಿರುವ ಕನ್ನಡಿಗರು ದಯವಿಟ್ಟು ಇದನ್ನು ಪೂರ್ತಿ ಓದಿ. ಎರಡು ವಾರದ ಹಿಂದೆ ಕ್ವೀನ್ಸ್‌ಲ್ಯಾಂಡಿನ ಟುವೂಂಬಾ ಘಾಟಿಯಲ್ಲಿ ಹೆಂಡತಿ, ಮಗಳನ್ನು ಕೂರಿಸಿಕೊಂಡು ನಾನು ಪಟ್ಟ ಪಾಡು ಇನ್ನೊಬ್ಬರಿಗೆ ಬರಬಾರದು.

ನನ್ನದು 1995ರ ಟೊಯೋಟಾ ಲ್ಯಾಂಡ್ ಕ್ರೂಸರ್ 80 ಸೀರೀಸ್, 4.5 ಲೀಟರ್ ಪೆಟ್ರೋಲ್ ಎಂಜಿನ್, ಆಟೋಮ್ಯಾಟಿಕ್. ದೋಣಿ ಮತ್ತು ಟ್ರೈಲರ್ ಸೇರಿ ಸುಮಾರು 2200 ಕಿಲೋ. 2000 ಕಿಲೋ ದಾಟಿದ ಟ್ರೈಲರಿನ ಎಲ್ಲ ಚಕ್ರಗಳಿಗೂ ಬ್ರೇಕ್ ಇರಲೇಬೇಕೆಂಬುದು ಇಲ್ಲಿನ ಕಾನೂನು. ಆದ್ದರಿಂದಲೇ ಟೋ ಬಾರ್ (ಟ್ರೈಲರ್ ಕಟ್ಟಲು ಗಾಡಿಯ ಹಿಂದೆ ಕೂರಿಸುವ ಕಬ್ಬಿಣದ ಪಟ್ಟಿ), ಬ್ರೇಕ್ ಕಂಟ್ರೋಲರ್ (ಗಾಡಿಯೊಳಗಿನಿಂದಲೇ ಟ್ರೈಲರಿನ ಬ್ರೇಕಿಗೆ ಕರೆಂಟ್ ಕಳಿಸುವ ಪೆಟ್ಟಿಗೆ) ಮತ್ತು ಗೇರ್‌ಬಾಕ್ಸಿನ ಆಯಿಲ್ ಬಿಸಿಯಾಗದಂತೆ ತಣಿಸುವ ಹೆಚ್ಚುವರಿ ಕೂಲರ್ ಹಾಕಲು ಒಂದು ವರ್ಕ್‌ಶಾಪಿಗೆ 2850 ಡಾಲರ್ ಕೊಟ್ಟೆ. ಟ್ರೈಲರ್ ತರಬೇಕೇ ಎಂದು ಕೇಳಿದ್ದಕ್ಕೆ "ಬೇಡ, ಗಾಡಿಯೊಂದನ್ನೇ ತನ್ನಿ" ಎಂದರು. ಎಷ್ಟು ತೂಕ ಎಳೆಯಬಹುದೆಂದು ಕೇಳಿದಾಗ ಟೋ ಬಾರಿನ ಮೇಲಿನ ತೂಕದ ಮಿತಿಯ ತಗಡು ತೋರಿಸಿ "3500 ಕಿಲೋ" ಎಂದರು. ಈ ಗಾಡಿಗೆ ಟೊಯೋಟಾ ಇಟ್ಟಿರುವ ಮಿತಿ 2500 ಕಿಲೋ. ಬಾರ್ ಎಷ್ಟೇ ತಡೆದರೂ ಎರಡರಲ್ಲಿ ಕಡಿಮೆ ಇರುವುದೇ ಲೆಕ್ಕ. ಆ ಮಾತು ಕೇಳಿದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಎಚ್ಚೆತ್ತುಕೊಳ್ಳಲಿಲ್ಲ.

ಮೊರಟನ್ ಕೊಲ್ಲಿಗೆಂದು ಬೆಳಗಿನ ಜಾವ ಹೊರಟೆವು. ಘಾಟಿಯ ಇಳಿಜಾರಿನಲ್ಲಿ ಗೇರ್ ಇಳಿಸಿ ಬ್ರೇಕ್ ಒತ್ತಿದರೆ, ದೋಣಿ ಹಿಂದಿನಿಂದ ನಮ್ಮನ್ನು ತಳ್ಳಿಕೊಂಡೇ ಬಂತು. ಮತ್ತೆ ಒತ್ತಿದೆ, ಮತ್ತೆ ತಳ್ಳಿತು. ಬ್ರೇಕ್ ಪ್ಯಾಡ್ ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ಅಷ್ಟು ಹೊತ್ತೂ ಡ್ಯಾಶ್‌ಬೋರ್ಡಿನ ಕೆಳಗೆ ಕಂಟ್ರೋಲರಿನ ಹಸಿರು ದೀಪ ಉರಿಯುತ್ತಲೇ ಇತ್ತು. ಆ ದೀಪವನ್ನು ನಂಬಿಯೇ ನಾನು ಘಾಟಿ ಇಳಿದಿದ್ದೆ.

ಹೇಗೋ ಕೆಳಗಿನ ವಿತ್‌ಕಾಟ್ ತಲುಪಿ ನಿಲ್ಲಿಸಿದಾಗ, ಅಲ್ಲಿದ್ದ ಒಬ್ಬ ಲಾರಿ ಚಾಲಕ ಟ್ರೈಲರಿನ ವೈರ್ ಸಿಕ್ಕಿಸುವ ಗಾಡಿಯ ಹಿಂದಿನ ಸಾಕೆಟ್ಟಿನ ಸ್ಕ್ರೂ ಬಿಚ್ಚಿ ನೋಡಿದ. ಬ್ರೇಕಿಗೆ ಕರೆಂಟ್ ಕೊಡುವ ಐದನೆಯ ಪಿನ್ ಖಾಲಿ. ಅಲ್ಲಿಗೆ ಸೇರಬೇಕಾದ ನೀಲಿ ವೈರನ್ನು ಹಿಂದಕ್ಕೆ ಮಡಚಿ ಕಪ್ಪು ಟೇಪ್ ಸುತ್ತಿದ್ದರು. ಟೇಪ್ ಬಿಚ್ಚಿದರೆ ತಾಮ್ರದ ಎಳೆಗಳು ಹೊಸದಾಗಿ ಹೊಳೆಯುತ್ತಿದ್ದವು. ಯಾವ ಸ್ಕ್ರೂವಿನ ಗುರುತೂ ಅವುಗಳ ಮೇಲೆ ಇರಲಿಲ್ಲ. ಅಂದರೆ ಅದನ್ನು ಒಮ್ಮೆಯೂ ಜೋಡಿಸಿರಲೇ ಇಲ್ಲ. ಮಗಳು "ಅಪ್ಪಾ, ಏನಾಯ್ತು?" ಎಂದು ಕೇಳುತ್ತಿದ್ದರೆ ನನಗೆ ಉತ್ತರ ಹೊರಡಲಿಲ್ಲ. ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಗಿತ್ತು. ಆಮೇಲೆ ಮುಂದಿನ ಗ್ರಿಲ್ಲಿನೊಳಗೆ ಟಾರ್ಚ್ ಬಿಟ್ಟು ಹುಡುಕಿದರೆ ಕೂಲರೂ ಇರಲಿಲ್ಲ.

ವರ್ಕ್‌ಶಾಪಿಗೆ ಫೋನ್ ಮಾಡಿದಾಗ ಬಂದ ಮೊದಲ ಉತ್ತರ: "ದೋಷ ನಿಮ್ಮ ಟ್ರೈಲರಿನದು." ಫೋಟೋ ಕಳಿಸಿದ ಮೇಲೆ: "ನಮ್ಮಲ್ಲಿಂದ ಹೋದ ಮೇಲೆ ಬೇರೆ ಯಾರೋ ಕೈ ಹಾಕಿರಬೇಕು." ಕೂಲರ್ ಎಲ್ಲಿ ಎಂದರೆ: "ರೇಡಿಯೇಟರಿನ ಒಳಗೇ ಒಂದು ಇದೆ, ಅಷ್ಟು ಸಾಕು." ಸಾಕಾಗಿದ್ದರೆ ಬಿಲ್ಲಿನಲ್ಲಿ ಅದಕ್ಕೆ ದುಡ್ಡು ಹಿಡಿದದ್ದೇಕೆ ಎಂದು ಕೇಳಿದೆ. "ಮೂವತ್ತು ವರ್ಷದ ಗಾಡಿ, ಅದರಿಂದ ಇನ್ನೇನು ನಿರೀಕ್ಷಿಸುತ್ತೀರಿ?" ಎಂದರು. ಗಾಡಿಗೆ ಮೂವತ್ತು ವರ್ಷವಾಗಿದೆ, ನಿಜ. ಆದರೆ ಆ ವೈರಿಗೆ ಮೂರು ವಾರವೂ ಆಗಿರಲಿಲ್ಲ!

ಟ್ರೈಲರ್ ಬೇಡ ಎನ್ನುವವರ ಬಳಿ ಈ ಕೆಲಸ ಕೊಡಲೇಬೇಡಿ. ದುಡ್ಡು ಕೊಡುವ ಮೊದಲು ಅಲ್ಲೇ ಟ್ರೈಲರ್ ಕಟ್ಟಿ, ನಡಿಗೆಯ ವೇಗದಲ್ಲಿ ಗಾಡಿ ಓಡಿಸುತ್ತಾ, ಕಾಲಿನ ಬ್ರೇಕ್ ಮುಟ್ಟದೆ ಕಂಟ್ರೋಲರನ್ನು ಮಾತ್ರ ಕೈಯಿಂದ ಒತ್ತಿ ನೋಡಿ. ಟ್ರೈಲರ್ ನಿಮ್ಮನ್ನು ಹಿಂದಕ್ಕೆ ಜಗ್ಗಬೇಕು. ಜಗ್ಗದಿದ್ದರೆ ದೀಪ ಯಾವ ಬಣ್ಣದಲ್ಲಿ ಉರಿದರೂ ನಂಬಬೇಡಿ. ಬಿಲ್ಲಿನ ಒಂದೊಂದು ಸಾಲನ್ನೂ ಗಾಡಿಯ ಮೇಲೆ ಕೈಯಿಟ್ಟು ತೋರಿಸಲು ಹೇಳಿ.

ಗ್ರಾಹಕರ ದೂರು ನೋಡುವ ಸರ್ಕಾರಿ ಕಚೇರಿಯಾದ ಕ್ವೀನ್ಸ್‌ಲ್ಯಾಂಡಿನ ಆಫೀಸ್ ಆಫ್ ಫೇರ್ ಟ್ರೇಡಿಂಗ್‌ಗೆ ಬಿಲ್ ಮತ್ತು ಆ ನೀಲಿ ವೈರಿನ ಫೋಟೋ ಸಮೇತ ದೂರು ಕೊಟ್ಟಿದ್ದೇನೆ. ವರ್ಕ್‌ಶಾಪಿನವರು ಈಗ ಫೋನ್ ಎತ್ತುತ್ತಿಲ್ಲ.