ಎಲೆ ಉದುರೋ ಕಾಲಕ್ಕೆ ಸೋಲಾರ್ ಪ್ಯಾನೆಲ್: ನಾವೇ ತೊಳೆಯೋದಾ, ಸರ್ವೀಸ್‌ನೋರನ್ನ ಕರೆಸೋದಾ?

ಚಪ್ಪಟೆ ತಾರಸಿ ಇದ್ರೆ ನೀವೇ ಮಾಡ್ಕೊಳ್ಳಿ, ಬೆಳಗ್ಗೆ ಗ್ಲಾಸ್ ತಣ್ಣಗಿರುವಾಗ್ಲೇ ಪೈಪಲ್ಲಿ ನೀರು ಬಿಟ್ಟು ಮೆತ್ತನೆ ಬ್ರಶ್ಶಲ್ಲಿ ಉಜ್ಜಿದ್ರೆ ಸಾಕು, ಕಾದ ಗ್ಲಾಸ್ ಮೇಲೆ ತಣ್ಣೀರು ಸುರಿದ್ರೆ ಬಿರುಕು ಬಿಡೋ ಚಾನ್ಸ್ ಇರತ್ತೆ. ಧೂಳನ್ನ ಮಳೆ ತೊಳೆಯತ್ತೆ ನಿಜ, ಆದ್ರೆ ಕೆಳಗಿನ ಫ್ರೇಮ್ ಅಂಚಲ್ಲಿ ಅಂಟಿಕೊಂಡ ಒದ್ದೆ ಎಲೆ, ಒಣಗಿದ ಹಕ್ಕಿ ಹಿಕ್ಕೆ ಅದಕ್ಕೆಲ್ಲ ಜಗ್ಗಲ್ಲ, ಕರೆಂಟ್ ತಯಾರಿಸೋ ಸೆಲ್‌ಗಳು ಸೀರೀಸಲ್ಲಿ, ಅಂದ್ರೆ ಸರಪಳಿ ಥರ ಒಂದಕ್ಕೊಂದು ಜೋಡಿಸಿ ಇರೋದ್ರಿಂದ ಒಂದು ಎಲೆ ಒಂದೇ ಸೆಲ್ ಮುಚ್ಚಿದ್ರೂ ಪ್ಯಾನೆಲ್‌ನ ಒಂದು ಭಾಗದ ಕರೆಂಟೇ ಬಿದ್ದೋಗತ್ತೆ.

ಇಳಿಜಾರು ಮಾಡು, ಎರಡು ಮಹಡಿ ಅಂದ್ರೆ ದುಡ್ಡು ಹೋದ್ರೆ ಹೋಗ್ಲಿ, ಸರ್ವೀಸ್‌ನೋರನ್ನೇ ಕರೆಸಿ, ಪಾಚಿ ಹಿಡಿದ ಮಾಡು ಹತ್ತೋ ಸಾಹಸ ಯಾಕೆ ಬೇಕು ಹೇಳಿ. ವೈರಿಂಗ್, ಕ್ಲ್ಯಾಂಪೂ ಅವ್ರ ಕೈಲೇ ನೋಡಿಸ್ಕೊಳ್ಬೋದು. ಪ್ರೆಶರ್ ವಾಶರ್ ಹಿಡ್ಕೊಂಡು ಬಂದ್ರೆ ಮಾತ್ರ ಬೇಡ ಅನ್ನಿ, ನೀರು ಒಳಗೆ ಹೋಗದಂಗೆ ತಡೆಯೋ ಪ್ಯಾನೆಲ್ ಸೀಲ್ ಹಾಳಾಗತ್ತೆ.